ಮೋರಿಯ ವೆನಿಸ್

ಭಾನುಮತಿ ಆಂಟಿ ಬೋಂಡಾ ಕರಿಯಲು ಒಳಗೆ ಹೋದದ್ದೇ ತಡ, ದಿವಾಕರ ತಾನು ತೆಗೆದ ಒಂದು ಫೋಟೊವನ್ನು ಅವರ ಗಂಡ ಬದರಿನಾಥರ ಲ್ಯಾಪ್‌ಟಾಪಿಗೆ ತುರುಕಿದ. ಟಿವಿಗೆ ವೈರು ಸಿಕ್ಕಿಸಿಕೊಡುತ್ತೇನೆಂದು ತನ್ನ ಬಡಾವಣೆ ಆಂಗ್ ಮೋ ಕಿಯೋದಿಂದ ಬೇಗ ಬಂದದ್ದೇ ಇದಕ್ಕೆ.

ಸಿಂಗಪುರದ ಕನ್ನಡಿಗರ ಫೋಟೊ ಬಳಗ ಆ ಸಂಜೆ ಯಿಶುನ್ ಬಡಾವಣೆಯ ಆ ಮನೆಯಲ್ಲಿ ಸೇರಿ ಸ್ಪರ್ಧೆಗೆ ತೀರ್ಪುಗಾರರನ್ನು ಆರಿಸಬೇಕಿತ್ತು. ಆ ಕುರ್ಚಿಯ ಮೇಲೆ ದಿವಾಕರನಿಗೆ ಬಹಳ ದಿನದ ಕಣ್ಣು. ತನ್ನಷ್ಟು ಚುರುಕಾದ ಕಣ್ಣು ಬಳಗದಲ್ಲಿ ಇನ್ನೊಂದಿಲ್ಲವೆಂದು ನಂಬಿದ್ದ. ಕಳೆದ ವರ್ಷ ಬದರಿನಾಥ್ ತಮ್ಮ ಬ್ಲಾಕಿನ ಹಿಂದಿನ ಮಳೆನೀರಿನ ಕಾಲುವೆಯ ಫೋಟೊ ತೋರಿಸಿದಾಗ, "ಮೋರಿಗೂ ಪೋಸ್ ಕೊಡೋಕೆ ಬರುತ್ತಾ ಅಂಕಲ್?" ಎಂದು ಅವರದೇ ಮೂಗುದನಿಯಲ್ಲಿ ಅಣಕಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಬದರಿನಾಥ್ ಕ್ಯಾಮರಾವನ್ನು ಚೀಲಕ್ಕಿಳಿಸಿದ್ದರು.

ಈ ವರ್ಷ ಅವರು ಒಂದು ವಾರ ರಜೆ ಹಾಕಿದರು. ಆಮೇಲೆ ಗ್ರೂಪಿಗೆ ಚಿತ್ರಗಳು ಬಂದವು. ಕಪ್ಪು ನೀರು, ಅದರಲ್ಲಿ ಕಲಸಿಹೋದ ದೀಪಗಳು, ಒಂದು ಪುಟ್ಟ ಸೇತುವೆ. ಕೆಳಗೆ ಒಂದೇ ಸಾಲು: 'ಹಳೆಯ ಕಾಲುವೆ ನಗರ, ಕತ್ತಲಾದ ಮೇಲೆ.'

"ವೆನಿಸ್!" ಎಂದು ಮೊದಲು ಬರೆದವನು ದಿವಾಕರ. "ಯೂರೋಪಿನ ಬೆಳಕೇ ಬೇರೆ ಅಂಕಲ್. ನಮ್ಮ ಸಿಂಗಪುರದ ನೀರಿಗೆ ಈ ಜೀವ ಎಲ್ಲಿಂದ ಬರ್ಬೇಕು?" ಅಂಕಲ್ ಕೈಮುಗಿದ ಇಮೋಜಿ ಹಾಕಿದರು. ಬಳಗವೆಲ್ಲ ತೀರ್ಪುಗಾರರಾಗಿ ಅವರೇ ಬರಲಿ ಎನ್ನತೊಡಗಿತು. ದಿವಾಕರನ ಹೊಟ್ಟೆ ಉರಿಯಿತು.

ಅದಕ್ಕೇ ಅವನು ದೀಪ ಹತ್ತಿದ ಮೇಲೆ ಟ್ರೈಪಾಡ್ ಹೊತ್ತು ಅದೇ ಮೋರಿಗೆ ಬಂದಿದ್ದ. ನೀರು ಏರುತ್ತದೆ, ಇಳಿಯಬೇಡಿ ಎಂದು ನಾಲ್ಕು ಭಾಷೆಗಳಲ್ಲಿ ಹೆದರಿಸುವ ಬೋರ್ಡನ್ನು ಕಂಪ್ಯೂಟರಿನಲ್ಲಿ ಚೂರುಚೂರಾಗಿ ಅಳಿಸಿದ್ದ. ತಮಿಳು ಅಕ್ಷರಗಳು ಕೊನೆಯವರೆಗೂ ಹಟ ಹಿಡಿದಿದ್ದವು. ಅದನ್ನು ಅಂಕಲ್ ತಮ್ಮದೇ ಎಂದುಬಿಟ್ಟರೆ ಸಾಕು. ವೆನಿಸ್ಸಿಗೂ ಮೋರಿಗೂ ವ್ಯತ್ಯಾಸ ತಿಳಿಯದವರು ತೀರ್ಪು ಕೊಡುವುದುಂಟೆ?

ಬಳಗ ಸೇರಿತು. ಬೋಂಡಾ ಬಂತು. ಟಿವಿಯಲ್ಲಿ ಬದರಿನಾಥರ ಚಿತ್ರಗಳು ಒಂದೊಂದಾಗಿ ಸರಿದು, ನಡುವೆ ದಿವಾಕರನದ್ದೂ ಬಂತು.

"ಅಂಕಲ್, ಇದ್ರ ಬಗ್ಗೆ ಸ್ವಲ್ಪ ಹೇಳಿ," ಎಂದ ಮುಗ್ಧನಂತೆ.

ಬದರಿನಾಥ್ ಕನ್ನಡಕ ಏರಿಸಿ ನೋಡಿದರು. "ಇದಾ? ಮರೆಯೋಕಾಗುತ್ತಾ? ಈ ಸೇತುವೆ ಮೇಲೆ ನಿಂತಿದ್ದಾಗ ಭಾನು ಫೋನ್ ಮಾಡಿದ್ಲು, ಅನ್ನ ಆರ್ತಾ ಇದೆ ಬನ್ನಿ ಅಂತ."

ವೆನಿಸ್ಸಿಗೆ ಫೋನ್ ಮಾಡಿ ಊಟಕ್ಕೆ ಕರೆಯುವ ಹೆಂಡತಿ! ಎಲ್ಲರೂ ನಕ್ಕರು. ದಿವಾಕರ ಎದ್ದು ನಿಂತ.

"ಅಂಕಲ್, ಅದು ನಿಮ್ಮ ಬ್ಲಾಕ್ ಹಿಂದಿನ ಮೋರಿ! ನಾನ್ ತೆಗೆದಿದ್ದು, ನಾನೇ ಸೇರಿಸಿದ್ದು!"

"ಅಂಕಲ್ ಔಟ್ ಲಾ!" ಎಂದು ಬಳಗದ ಕಾರ್ಯದರ್ಶಿ ನಿಶ್ಚಿತಾ ಸಿಂಗಪುರದ ಧಾಟಿಯಲ್ಲಿ ಕೂಗಿ ಚಪ್ಪಾಳೆ ತಟ್ಟಿದಳು.

ಬದರಿನಾಥ್ ಮಾತ್ರ ಟಿವಿಯಿಂದ ಕಣ್ಣು ಕೀಳಲಿಲ್ಲ. "ಬೋರ್ಡ್ ಎಷ್ಟು ನೀಟಾಗಿ ಅಳಿಸಿದ್ದೀಯ ಕಣಯ್ಯಾ! ನನಗೂ ಅದೇ ಕಷ್ಟ ಆಗಿತ್ತು. ಕೊನೇದ್ರಲ್ಲಿ ಬೇಕಂತಲೇ ಬಿಟ್ಟಿದ್ದೀನಿ, ನೋಡು."

ರಿಮೋಟ್ ಒತ್ತಿ ತಮ್ಮ ಕೊನೆಯ ಚಿತ್ರ ತಂದರು. ಅದೇ ಸೇತುವೆ, ಅದೇ ದೀಪಗಳು. ನಡುವೆ ಬೋರ್ಡು, ತಮಿಳಿನ ಸಮೇತ.

"ವೆನಿಸ್ ಅಂದಿದ್ದು ನೀನು. ನಾನು ಹಳೇ ನಗರ ಅಂದೆ. ಯಿಶುನ್‌ಗೆ ನಲವತ್ತು ವರ್ಷ ಆಯ್ತಪ್ಪ, ಸಿಂಗಪುರದ ಲೆಕ್ಕದಲ್ಲಿ ಅದು ಹಳೇದೇ."

ಹೊಸ ತೀರ್ಪುಗಾರರಾದ ಬದರಿನಾಥ್ ಬೋಂಡಾ ತಟ್ಟೆಯನ್ನು ಅವನತ್ತ ಸರಿಸಿದರು. ದಿವಾಕರ ಎಲ್ಲರಿಗಿಂತ ಜೋರಾಗಿ ನಕ್ಕ.