ಡಬ್ಬಿಯ ಮುಚ್ಚಳ

ಮೂಕಪ್ಪನ ಕೋಲು ತನ್ನ ಊಟದ ಡಬ್ಬಿಯೊಳಗೆ ಇಳಿದಾಗಲೇ ಹಂಪಕ್ಕನಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆದದ್ದು. ಸಾಹುಕಾರನ ಬಾಳೆನಾರಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ, ಸಂಜೆಯಾದರೆ ಇದೇ ಪಾಠ: ಡಬ್ಬಿ ತೆಗೆ, ಸೆರಗು ಕೊಡವು, ನಾರು ಕದ್ದಿಲ್ಲವೆಂದು ತೋರಿಸಿ ಮನೆಗೆ ಹೋಗು. ಆದರೆ ಬುಕ್ಕಸಾಗರದ ಈ ಶೆಡ್ಡು ಸಾಹುಕಾರನದಲ್ಲ. ಹದಿನಾರು ಹೆಂಗಸರು ಸಂಘ ಕಟ್ಟಿ ತೆರೆದದ್ದು, ಇವತ್ತು ಮೊದಲನೇ ದಿನ. ಸಾಹುಕಾರನ ಶೆಡ್ಡಿನ ಕಾವಲುಗಾರನಾಗಿದ್ದ ಮೂಕಪ್ಪನೂ ಸಂಘಕ್ಕೆ ಸೇರಿದ್ದ. ಬರುವಾಗ ಹಳೇ ಕೋಲನ್ನೂ ತಂದಿದ್ದ.

ಅವಳು ಹಿಂತಿರುಗಿ ನೋಡಿದಳು. ಹದಿನೈದು ಹೆಂಗಸರು ಡಬ್ಬಿ ತೆರೆದುಕೊಂಡು ಸಾಲಾಗಿ ನಿಂತಿದ್ದರು. ಹಂಪಕ್ಕನ ಮೈಯೆಲ್ಲ ಉರಿಯಿತು.

“ಏನ್ ಹುಡುಕಾಕತ್ತಿ ಮೂಕಣ್ಣ?”

“ರೂಢಿ ಆಗೇತಿ ಅಕ್ಕ. ನಾರು ಗೀರು ಏನರ...”

“ನಮ್ಮ ನಾರು ನಾವ ಕದ್ದು ಯಾರಿಗೆ ಕೊಡಾಣ? ಹನ್ನೊಂದ್ ವರ್ಷ ನಮ್ಮ ರೊಟ್ಟಿ ಚುಚ್ಚಿ ನೋಡ್ದಿ. ಒಂದಿನಾನರ ಒಂದ್ ಎಳಿ ಸಿಕ್ಕಿತೇನು?”

ಮೂಕಪ್ಪ ನೆಲ ನೋಡಿದ. “ಇಲ್ಲಕ್ಕ. ಒಂದಿನಾನೂ ಸಿಕ್ಕಿಲ್ಲ.”

ಹಂಪಕ್ಕ ಡಬ್ಬಿಯ ಮುಚ್ಚಳ ಬಡಿದಳು. ಆ ಸದ್ದಿಗೆ ಮೈಲಿಗಟ್ಟಲೆ ದೂರದ ಕಂಪ್ಲಿಯ ಎಮ್ಮೆಗಳು ಮೇಯುವುದು ಬಿಟ್ಟು ತಲೆಯೆತ್ತಿದವು. ಬೆನ್ನಿಗೇ ಇನ್ನೂ ಹದಿನೈದು ಮುಚ್ಚಳ ಬಿದ್ದವು. ಹೊಳೆಯಲ್ಲಿದ್ದ ಹರಿಗೋಲು ತಾನಾಗಿಯೇ ಎರಡು ಸುತ್ತು ತಿರುಗಿತು. ಹಂಪಕ್ಕ ಮೂಕಪ್ಪನ ಕೋಲು ಕಸಿದುಕೊಂಡು ಎರಡು ಕಂಬಗಳ ನಡುವೆ ಅಡ್ಡ ಕಟ್ಟಿ, ಅದರ ಮೇಲೆ ಒದ್ದೆ ನಾರು ಹರವಿದಳು.

“ನಾಳೆ ಜಲ್ದಿ ಬಾ ಮೂಕಣ್ಣ,” ಎಂದಳು. “ಹೆಂಗೂ ಕೈ ಖಾಲಿ ಆತು. ಹಗ್ಗ ಹೊಸಿಯಾದು ಕಲಿಸ್ತೀವಿ.”