ಭೋರಬ್ಬಿಯ ದನಿ

ಭೋರಬ್ಬಿ ಜಲಪಾತದ ಸದ್ದನ್ನೆಲ್ಲ ಲೈನ್ ಎಳೆದು ಪೇಟೆಯ ಮಲಗುವ ಕೋಣೆಗಳಿಗೆ ಕೊಟ್ಟ ಮೇಲೆ, ಇಲ್ಲಿ ನೀರು ಮೂಕವಾಗಿ ಧುಮುಕುತ್ತಿತ್ತು. ದಾವಣಗೆರೆಯ ವೈಜಯಂತಿಯ ಮನೆಗೂ ಆ ಕನೆಕ್ಷನ್ ಇತ್ತು. ಅದನ್ನು ಹಾಕದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಬ್ಬಿಯನ್ನೊಮ್ಮೆ ಕಣ್ಣಾರೆ ನೋಡೋಣವೆಂದು ಬಂದವಳಿಗೆ ಈಗ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಪದರು ಪದರಾದ ಕರಿಬಂಡೆಯ ಮೇಲಿಂದ ಅಷ್ಟೊಂದು ನೀರು ಬೀಳುತ್ತಿದೆ, ಕೇಳಿಸುವುದು ಮಾತ್ರ ಅದರ ಹಿಂದಿನ ಬಿರುಕುಗಳಲ್ಲಿ ಪಾರಿವಾಳಗಳ ರೆಕ್ಕೆಬಡಿತ. ತರಗೆಲೆ ಸರಿದರೂ ಮರದ ಮೇಲಿನ ಸಿಂಗಳೀಕಗಳು ಬೆಚ್ಚುತ್ತಿದ್ದವು.

“ಚಾ ಕುಡೀರಿ ಅಮ್ಮಾ,” ಎಂದು ಚಹದಂಗಡಿಯ ಗುತ್ಯಮ್ಮ ಪಕ್ಕದಲ್ಲೇ ನಿಂತು ಕೂಗಿದಳು. ವೈಜಯಂತಿ ಹೌಹಾರಿದಳು.

“ಏನೂ ತಿಳ್ಕಬೇಡಿ. ಅಬ್ಬಿ ಸದ್ದಲ್ಲಿ ಕೂಗಿ ಕೂಗಿ ರೂಢಿ ಆಗೈತೆ. ನಿಮ್ಮನೇಲಿ ಐತಾ ಅದು?”

“ಇದೆ.”

ಗುತ್ಯಮ್ಮ ಇನ್ನಷ್ಟು ಹತ್ತಿರ ಸರಿದು, ಮದುವೆ ಮಾಡಿ ಕಳಿಸಿದ ಮಗಳ ಸುದ್ದಿ ವಿಚಾರಿಸುವವಳಂತೆ ದನಿ ತಗ್ಗಿಸಿದಳು. “ಹೆಂಗೈತೆ? ಮಳೆ ಹಿಡಿದ್ರೆ ಸ್ವಲ್ಪ ಒರಟಾಗ್ತಿತ್ತು. ಈಗ್ಲೂ ಹಂಗೇನಾ?”

ವೈಜಯಂತಿ ಕೈಯಲ್ಲಿನ ಲೋಟ ತಿರುಗಿಸುತ್ತಾ ನಿಂತಳು. ಸದ್ದು ಹಾಕಿದ ಮರುಗಳಿಗೆಯೇ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು. ಒಂದು ದಿನವೂ ಅವಳು ಅದನ್ನು ಕೇಳಿರಲಿಲ್ಲ.