ಸರದಿಯಲ್ಲಿ ಮುಂದಿದ್ದವರು

"ಇದು ಆಗಬಾರದಿತ್ತು," ಎಂದರು ಅಪ್ಪ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ.

ಪಕ್ಕದಲ್ಲಿದ್ದ ಮಗಳು ತಟ್ಟನೆ ಪರದೆಯತ್ತ ಬಾಗಿದಳು. "ಏನಪ್ಪ?"

"ನೂರಾ ನಲವತ್ತಕ್ಕೆ ಸಿಕ್ಕಿದರೆ ಮಾತ್ರ ಕೊಳ್ತೀನಿ ಅಂತ ಆರ್ಡರ್ ಹಾಕಿದ್ದೆ. ಬೆಲೆ ಅಲ್ಲಿಗೆ ಒಂದು ಸಲ ಮುಟ್ಟಿತು ಅಷ್ಟೆ, ಐನೂರು ಷೇರೂ ನನ್ನ ಕೈಗೆ ಬಂತು. ಅದೇ ಬೆಲೆಗೆ ನನಗಿಂತ ಮೊದಲೇ ಕಾದು ನಿಂತವರು ಎಲ್ಲಿ ಹೋದರು?"

"ಯಾರೂ ಇರಲಿಲ್ಲವೇನೋ."

"ಯಾರೂ ಇರದ ಮಾರುಕಟ್ಟೆಯಲ್ಲಿ ಮೂವತ್ತೆರಡು ವರ್ಷ ಬೆಲೆ ಕೂಗಿ ಗಂಟಲು ಹರಕೊಂಡೆನಾ ನಾನು?"

ಅವಳು ನಕ್ಕಳು.

ಆ ಪರದೆಯೇ ಸುಳ್ಳು. ಅಪ್ಪ ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಳೆದ ವರ್ಷ ಎದೆನೋವು ಬಂದಾಗ ಡಾಕ್ಟರು ಷೇರು ವ್ಯವಹಾರ ಬೇಡವೇ ಬೇಡ ಎಂದಿದ್ದರು. "ನಿಮ್ಮಪ್ಪ ಯಾರ ಮಾತು ಕೇಳ್ತಾರೆ? ಕದ್ದುಮುಚ್ಚಿ ಆಡ್ತಾನೇ ಇದ್ದಾರೆ. ನಿನಗೆ ಈ ವಿದ್ಯೆ ಗೊತ್ತಲ್ಲ, ಏನಾದರೂ ಮಾಡೇ," ಎಂದು ಅಮ್ಮ ಅವಳ ಕೋಣೆಯ ಬಾಗಿಲು ತಟ್ಟಿದ್ದಳು. ಮಗಳಿಗೂ ಬೇರೆ ಕೆಲಸವಿರಲಿಲ್ಲ. ಅವಳಿದ್ದ ಸಾಫ್ಟ್‌ವೇರ್ ಕಂಪನಿ ಮುಚ್ಚಿ ಹೋಗಿತ್ತು. ಹತ್ತು ದಿನ ಕೂತು, ಅಪ್ಪ ಷೇರು ಕೊಳ್ಳುತ್ತಿದ್ದ ಹಳೆಯ ಪರದೆಯಂತೆಯೇ ಇರುವ ಇನ್ನೊಂದನ್ನು ಮಾಡಿ ಅವರ ಕಂಪ್ಯೂಟರಿಗೆ ಹಾಕಿಬಿಟ್ಟಳು. ಬೆಲೆಗಳು ನಿಜ, ಕೊಡುಕೊಳ್ಳುವುದೆಲ್ಲ ಬರೀ ನಾಟಕ. ಗೊತ್ತಾದರೆ ಅಪ್ಪನ ಎದೆ ತಡೆಯುತ್ತದೆಯೇ?

ಅಂದು ಸಂಜೆಯೇ ನಿಯಮ ಬಿಗಿ ಮಾಡಿದಳು. ಬೆಲೆ ಮುಟ್ಟಿದರೆ ಸಾಲದು, ದಾಟಿ ಕೆಳಗಿಳಿದರೆ ಮಾತ್ರ ಆರ್ಡರ್ ಪೂರ್ತಿಯಾಗಬೇಕು.

ಮೂರನೇ ದಿನ ಅಪ್ಪ ಮತ್ತೆ ಕೂಗಿದರು. "ಬಾರೇ ಇಲ್ಲಿ! ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಕಿದ್ದೀನಿ. ಅದೇ ಬೆಲೆಗೆ ಲಕ್ಷ ಷೇರು ಕೈಬದಲಾಯಿತು. ನನಗೆ ಒಂದೂ ಇಲ್ಲ!"

ಅವಳು ಪರದೆಯ ಹಿಂದೆ, ಕೊಳ್ಳಲು ಕಾದವರ ಒಂದು ಸುಳ್ಳು ಸರದಿಯನ್ನೇ ಕಟ್ಟಿದಳು. ಮುಂದೆ ಎಷ್ಟು ಷೇರಿಗೆ ಜನ ಕಾದಿದ್ದಾರೆ, ವ್ಯಾಪಾರ ನಡೆದ ಹಾಗೆ ಎಷ್ಟು ಕರಗಿತು, ಎಲ್ಲ ಲೆಕ್ಕ. ಅದಕ್ಕೂ ಅಪ್ಪನ ತಕರಾರು. "ಮುಂದೆ ನಿಂತವರಲ್ಲಿ ಒಬ್ಬನೂ ಬೇಸತ್ತು ವಾಪಸ್ ಹೋಗಲ್ಲವಾ? ಅಷ್ಟು ತಾಳ್ಮೆ ಯಾರಿಗಿದೆ?" ಬೇಸತ್ತು ಹೋಗುವವರನ್ನೂ ಸೇರಿಸಿದಳು. "ಇಷ್ಟು ದೊಡ್ಡ ಆರ್ಡರ್ ಒಂದೇ ಗುಕ್ಕಿಗೆ ಪೂರ್ತಿಯಾಯಿತಾ?" ಚೂರುಚೂರಾಗಿ ಸಿಗುವಂತೆ ಮಾಡಿದಳು. ಒಂದು ತೂತು ಮುಚ್ಚುವಷ್ಟರಲ್ಲಿ ಅಪ್ಪನ ಕಣ್ಣು ಇನ್ನೊಂದರ ಮೇಲೆ. ಅವರು ಏಳುವ ಮೊದಲೇ ಎದ್ದು, ತಲೆ ಬಾಚಿ, ಕಂಪ್ಯೂಟರಿನ ಮುಂದೆ ಕೂರುವುದು ಅವಳಿಗೆ ಅಭ್ಯಾಸವಾಯಿತು.

ನಿನ್ನೆ ಅಪ್ಪ ಮೌಸನ್ನು ಪಕ್ಕಕ್ಕೆ ಸರಿಸಿದರು. "ಏನೋ ಮೋಸ ಇದೆ. ನಾಳೆ ಹತ್ತು ಗಂಟೆಗೆ ನನ್ನ ಖಾತೆ ಇರೋ ದಲ್ಲಾಳಿ ಕಚೇರಿಗೇ ಹೋಗಿ ಕೇಳ್ತೀನಿ."

"ಫೋನ್ ಮಾಡಿದರೆ ಆಗಲ್ವಾ?"

"ಮುಖ ನೋಡಿ ಕೇಳೋದು ಬೇರೆ."

ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದದ್ದೇ ತಡ, ಚಪ್ಪಲಿ ಹುಡುಕಿ ಧೂಳು ಕೊಡವಿ ಮೆಟ್ಟಿಕೊಂಡಳು. ಬೀದಿಯ ಬಿಸಿಲು ಕಣ್ಣಿಗೆ ಚುಚ್ಚಿತು. ಬಸ್ಸಿಗೆ ಕಾಯದೆ ಓಡುನಡಿಗೆಯಲ್ಲೇ ದಲ್ಲಾಳಿ ಕಚೇರಿ ಸೇರಿ, ವ್ಯವಸ್ಥಾಪಕರ ಮೇಜಿನ ಮುಂದೆ ಏದುಸಿರು ಬಿಡುತ್ತ ಎಲ್ಲ ಒಪ್ಪಿಕೊಂಡಳು.

"ಅಪ್ಪ ಇನ್ನೇನು ಬರ್ತಾರೆ ಸಾರ್. ದಯವಿಟ್ಟು ಸರ್ವರ್ ಕೆಟ್ಟಿತ್ತು ಅಂದುಬಿಡಿ. ನಿಜ ಗೊತ್ತಾದರೆ ಅವರು ಉಳಿಯಲ್ಲ."

ವ್ಯವಸ್ಥಾಪಕರು ಕುರ್ಚಿ ತೋರಿಸಿದರು. ನೀರು ಕೊಟ್ಟರು.

"ಅವರು ಬರಲ್ಲಮ್ಮ. ಡಾಕ್ಟರು ಬೇಡ ಅಂದ ವಾರದಲ್ಲೇ ನಿಮ್ಮ ತಾಯಿಯವರ ಜೊತೆ ಬಂದು ಖಾತೆ ಮುಚ್ಚಿಸಿ ಹೋದರು."

ಅವಳು ಲೋಟ ಮೇಜಿನ ಮೇಲಿಟ್ಟಳು. "ಹಾಗಾದರೆ ಇಲ್ಲಿಗೆ ಬರ್ತೀನಿ ಅಂದದ್ದು?"

"ಮಗಳು ಎಂಟು ತಿಂಗಳಿಂದ ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ, ನಾಳೆ ಒಂಬತ್ತೂವರೆಗೆ ನಿಮ್ಮಲ್ಲಿಗೆ ಓಡಿ ಬರ್ತಾಳೆ, ಕೂರಿಸಿ ಮಾತಾಡಿ ಅಂತ ನಿಮ್ಮ ತಂದೆಯೇ ನಿನ್ನೆ ಫೋನ್ ಮಾಡಿದ್ದರು, ನೀವು ಐದು ನಿಮಿಷ ಮೊದಲೇ ಬಂದಿದ್ದೀರಿ."